2015ರಲ್ಲಿ ಇಟಲಿಯ ಫ್ಯಾಷನ್ ಕಂಪನಿ ಗುಚ್ಚಿ, ಹೊರಗೆ ಯಾರಿಗೂ ಅಷ್ಟಾಗಿ ಗೊತ್ತಿರದ ಡಿಸೈನರ್ ಅಲೆಸ್ಸಾಂಡ್ರೊ ಮಿಕೆಲೆಗೆ ಮುಖ್ಯ ಹುದ್ದೆ ಕೊಟ್ಟಿದ್ದು ಯಾಕೆ?

ಕಂಪನಿಗೆ ಬೇಕಿದ್ದದ್ದು ದೊಡ್ಡ ಹೆಸರಲ್ಲ, ಬ್ಯಾಗು-ಶೂಗಳಲ್ಲೂ ಕಾಣುವಂಥ ಹೊಸ ನೋಟ.

ಗುಚ್ಚಿಗೆ ಹಣ ಜಾಸ್ತಿ ಬರುವುದು ಚರ್ಮದ ಸಾಮಾನಿನಿಂದ. ಫ್ಯಾಷನ್ ಶೋನಲ್ಲಿ ತೋರಿಸುವ ಬಟ್ಟೆ ಕೊಳ್ಳುವವರು ಕಡಿಮೆ. ಆದರೆ ಶೋ ನೋಡಿ ಬ್ರ್ಯಾಂಡ್ ಮೇಲೆ ಆಸೆ ಹುಟ್ಟುತ್ತದೆ, ಆ ಆಸೆ ಬ್ಯಾಗ್ ಮಾರುತ್ತದೆ. ಆ ಮುಖ್ಯ ಹುದ್ದೆಯಲ್ಲಿರುವ ಕ್ರಿಯೇಟಿವ್ ಡೈರೆಕ್ಟರ್, ಅಂದರೆ ಬಟ್ಟೆಯಿಂದ ಜಾಹೀರಾತಿನವರೆಗೆ ಎಲ್ಲದರ ನೋಟ ತೀರ್ಮಾನಿಸುವವರು, ಈ ಎರಡನ್ನೂ ಜೋಡಿಸಬೇಕು.

ಅಲೆಸ್ಸಾಂಡ್ರೊ ಮಿಕೆಲೆ 2002ರಿಂದಲೇ ಗುಚ್ಚಿಯಲ್ಲಿದ್ದರು. ಬ್ಯಾಗು, ಶೂಗಳ ಕೆಲಸ ಚೆನ್ನಾಗಿ ಬಲ್ಲವರು. ಹಿಂದಿನ ಕ್ರಿಯೇಟಿವ್ ಡೈರೆಕ್ಟರ್ ಫ್ರೀಡಾ ಜಿಯಾನಿನಿ ಅಂದುಕೊಂಡದ್ದಕ್ಕಿಂತ ಬೇಗ ಹೊರಟಾಗ, ಗಂಡಸರ ಶೋಗೆ ಬೇಕಾದ ಬಟ್ಟೆಗಳನ್ನು ಸುಮಾರು ಒಂದೇ ವಾರದಲ್ಲಿ ಹೊಸದಾಗಿ ಮಾಡಿಕೊಟ್ಟರು. ಕತ್ತಿನ ಹತ್ತಿರ ದೊಡ್ಡ ಬೋ ಕಟ್ಟಿದ ಕೆಂಪು ರೇಷ್ಮೆ ಶರ್ಟು, ಅದೂ ಹುಡುಗನ ಮೈಮೇಲೆ! ಎಂಥ ಧೈರ್ಯ ಅಲ್ವಾ? ಮರುತಿಂಗಳ ಹೆಂಗಸರ ಶೋನಲ್ಲಿ ಒಳಗೆಲ್ಲ ತುಪ್ಪಳವಿದ್ದ, ಹಿಂಬದಿ ಇಲ್ಲದ ಲೋಫರ್ (ಲೇಸ್ ಇಲ್ಲದ ಶೂ) ಬಂತು. ಎಲ್ಲೆಡೆ ಅದರದ್ದೇ ಮಾತು.

2015ರಲ್ಲಿ ಸುಮಾರು 390 ಕೋಟಿ ಯೂರೊ ಇದ್ದ ಮಾರಾಟ 2019ಕ್ಕೆ 960 ಕೋಟಿ ದಾಟಿತು. ಆಮೇಲೆ ಬೆಳವಣಿಗೆ ನಿಧಾನವಾಯಿತು, 2022ರಲ್ಲಿ ಮಿಕೆಲೆ ಹೊರಟರು.