“ನೋಡೋಣ್ರೀ” ಅಂದವರನ್ನು ಯಾವ ಪಟ್ಟಿಗೆ ಸೇರಿಸಿದಿರಿ?

ಪ್ರಿಯ ಲೇಖಕರೇ,

ನಮಸ್ಕಾರ. ಯೇಸುವಿನ ಕರೆಗೆ ಒಪ್ಪಿದವರು ಮತ್ತು ಒಲ್ಲೆ ಅಂದವರ ಬಗ್ಗೆ ನೀವು ಕಳಿಸಿದ ಲೇಖನ ತಲುಪಿತು. ಜಮಖಂಡಿ, ಅಥಣಿ, ಇಂಡಿ ತಾಲೂಕುಗಳಲ್ಲಿ 11 ಜನರನ್ನು ಮಾತಾಡಿಸಿದ್ದೀರಿ. 7 ಜನ ಕ್ರೈಸ್ತರಾದವರು, 4 ಜನ ಆಗದವರು. ಈಗಿರುವ ರೂಪದಲ್ಲಿ ಇದನ್ನು ಅಚ್ಚು ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಮತ್ತೆ ಓದುತ್ತೇವೆ. ನಮ್ಮ ಕಡೆ ಈ ವಿಷಯದಲ್ಲಿ ಕೂಗಾಡುವವರು ಬಹಳ, ಕೂತು ಕೇಳಿದವರು ಕಡಿಮೆ. ನೀವು ಕೇಳಿದ್ದೀರಿ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇವೆ.

ದೊಡ್ಡ ತೊಡಕು ಮೊದಲು. ಒಪ್ಪಿದ ಏಳೂ ಜನರ ಮಾತು ಒಂದೇ ಅಚ್ಚಿನಿಂದ ತೆಗೆದ ಹಾಗಿದೆ. ಮೊದಲು ಕುಡಿತ ಅಥವಾ ಬೇನೆ, ನಡುವೆ ಒಂದು ರಾತ್ರಿಯ ಪ್ರಾರ್ಥನೆ, ಆಮೇಲೆ ಸಮಾಧಾನ. ಇದಕ್ಕೆ ಸಭೆಗಳಲ್ಲಿ ‘ಸಾಕ್ಷಿ’ ಅಂತಾರೆ. ಸಾಕ್ಷಿ ಸುಳ್ಳಲ್ಲ. ಆದರೆ ಹತ್ತು ವರ್ಷ ಸಭೆಯಲ್ಲಿ ನಿಂತು ಹೇಳಿ ಹೇಳಿ ಅದಕ್ಕೊಂದು ಕ್ರಮ ಬಂದಿರುತ್ತದೆ. ಒಪ್ಪಿದ ದಿನದ ಕಾರಣ ಒಂದಿರುತ್ತದೆ, ಒಪ್ಪಿದ ಮೇಲೆ ಹೇಳಲು ಕಲಿತದ್ದು ಇನ್ನೊಂದಿರುತ್ತದೆ. ನೀವು ಎರಡನೆಯದನ್ನು ಬರೆದುಕೊಂಡು ಮೊದಲನೆಯದು ಸಿಕ್ಕಿತು ಅಂದುಕೊಂಡಿದ್ದೀರಿ.

ಮೊದಲನೆಯದು ನಿಮಗೆ ಸಿಕ್ಕೇ ಇಲ್ಲ ಅಂತಲ್ಲ. ಮೂರನೇ ಪುಟದಲ್ಲಿ ಒಬ್ಬ ಹೆಣ್ಣುಮಗಳು ಹೇಳುತ್ತಾಳೆ: “ನಮ್ಮಕ್ಕನ ಮನ್ಯಾಗ ಗುರುವಾರಕ್ಕೊಮ್ಮೆ ಕೂಡ್ತಿದ್ರು. ಕೂಸಿನ್ನ ಎತ್ಕೊಂಡು ನಾನೂ ಹೋಗ್ತಿದ್ದೆ. ಅಲ್ಲಿ ನನ್ನ ಹೆಸರ ಹಿಡದ ಪ್ರಾರ್ಥನಾ ಮಾಡ್ತಿದ್ರು.” ಒಂದು ಸಾಲು ಬರೆದು ಮುಂದೆ ಓಡಿದ್ದೀರಿ. ಲೇಖನದ ತಿರುಳು ಇಲ್ಲಿದೆ. ಗಂಡನ ಮನೆಯಲ್ಲಿ ಆಕೆ ‘ಏ ಇವಳ’, ‘ಸಣ್ಣಾಕಿ’, ‘ಆ ಊರಾಕಿ’. ವಾರಕ್ಕೊಮ್ಮೆ ಹತ್ತು ಜನ ಕಣ್ಣು ಮುಚ್ಚಿ ಆಕೆಯ ಸ್ವಂತ ಹೆಸರು ಹೇಳುವ ಜಾಗ ಅದೊಂದೇ. ಇನ್ನೊಂದು ಸಂಗತಿ, ಕರೆದದ್ದು ಪಾಸ್ಟರ್ ಅಲ್ಲ, ಅಕ್ಕ. 1965ರಲ್ಲಿ ಲಾಫ್‌ಲಂಡ್ ಮತ್ತು ಸ್ಟಾರ್ಕ್ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕದ ಒಂದು ಸಣ್ಣ ಪಂಥ ನೋಡಿ ಬರೆದದ್ದೂ ಇದನ್ನೇ. ಒಳಗಿರುವವರ ಜೊತೆ ನಂಟು ಗಟ್ಟಿಯಾಗಬೇಕು, ಹೊರಗಿನ ನಂಟು ಸಡಿಲ ಇರಬೇಕು. ಬೋಧನೆ ಒಪ್ಪಿಗೆಯಾಗುವುದು ಹೆಚ್ಚಾಗಿ ಅದರ ನಂತರ. ನಮ್ಮ ಹಳ್ಳಿಗಳಲ್ಲಿ ಈ ದಾರಿ ಅಕ್ಕ, ಅತ್ತಿಗೆ, ತವರುಮನೆ ಹಾಯ್ದು ಬರುತ್ತದೆ.

ಹಾಗಾಗಿ “ಯಾಕೆ ಕ್ರೈಸ್ತರಾದಿರಿ” ಅಂತ ಕೇಳಬೇಡಿ. ಆ ಪ್ರಶ್ನೆಗೆ ಸಾಕ್ಷಿಯೇ ಉತ್ತರವಾಗಿ ಬರುತ್ತದೆ. ಮೊದಲ ಸಲ ಯಾರ ಜೊತೆ ಹೋದಿರಿ, ಅವತ್ತು ಮನೆಯಲ್ಲಿ ಏನು ನಡೆದಿತ್ತು, ಎರಡನೇ ಸಲ ಹೋಗಲು ಎಷ್ಟು ದಿನ ಹಿಡಿಯಿತು, ಮೊದಲು ಬಿಟ್ಟದ್ದೇನು, ಇನ್ನೂ ಬಿಡದೆ ಇರುವುದೇನು ಎಂದು ಕೇಳಿ. ಪಾಸ್ಟರ್ ಪಕ್ಕದಲ್ಲಿ ಕೂತಿದ್ದಾಗ ಬಂದ ಉತ್ತರವನ್ನೂ, ಆತ ಎದ್ದು ಹೋದ ಮೇಲೆ ಬಂದ ಉತ್ತರವನ್ನೂ ಬೇರೆ ಬೇರೆ ಗುರುತು ಹಾಕಿಕೊಳ್ಳಿ. ಅತ್ತೆ ಪಕ್ಕದಲ್ಲಿದ್ದಾಗಲೂ ಅಷ್ಟೇ.

ಒಲ್ಲೆ ಅಂದ ನಾಲ್ವರ ಭಾಗ ಇನ್ನೂ ತೆಳು. ‘ಅವರು ನಿರಾಕರಿಸಿದರು’ ಎಂದು ಬರೆದಿದ್ದೀರಿ. ನಮ್ಮ ಕಡೆ ಹೀಗೆ ಮುಖದ ಮೇಲೆ ಒಲ್ಲೆ ಅನ್ನುವವರು ಎಷ್ಟು ಜನ? ಕರೆಯಲು ಬಂದವರಿಗೆ ಚಹಾ ಕೊಟ್ಟು, “ಆತ್ರೀ, ನೋಡೋಣ್ರೀ, ಪುರುಸೊತ್ತಾದ್ರ ಬರ್ತೀವಿ” ಅಂತಾರೆ. ನೀವು ಬರೆದುಕೊಂಡದ್ದರಲ್ಲೇ ಎರಡು ಕಡೆ ಈ ಮಾತು ಬಂದಿದೆ. ಒಬ್ಬನನ್ನು ಒಲ್ಲೆ ಅಂದವರ ಪಟ್ಟಿಗೆ, ಇನ್ನೊಬ್ಬನನ್ನು ‘ಆಸಕ್ತಿ ತೋರಿದವರ’ ಪಟ್ಟಿಗೆ ಹಾಕಿದ್ದೀರಿ! ಮಾತು ಒಂದೇ ಇದ್ದಾಗ ಮುಂದಿನ ನಡೆ ನೋಡಬೇಕು. ಮುಂದಿನ ವಾರ ಹೆಂಡತಿಯನ್ನು ಕಳಿಸಿದರೆ ಒಂದರ್ಥ, ಅದೇ ಹೊತ್ತಿಗೆ ಹೊಲಕ್ಕೆ ಹೊರಟರೆ ಇನ್ನೊಂದು.

ಲೂಕನ ಸುವಾರ್ತೆಯ 14ನೇ ಅಧ್ಯಾಯದಲ್ಲಿ ಔತಣದ ಸಾಮ್ಯವಿದೆ, ತೆಗೆದು ಓದಿ. ಕರೆಯಲು ಬಂದ ಆಳಿಗೆ ಒಬ್ಬ ಹೊಲ ಕೊಂಡಿದ್ದೇನೆ, ನೋಡಿ ಬರಬೇಕು ಅಂತಾನೆ. ಇನ್ನೊಬ್ಬ ಐದು ಜೋಡಿ ಎತ್ತು ಕೊಂಡಿದ್ದೇನೆ, ಪರೀಕ್ಷೆ ಮಾಡಬೇಕು ಅಂತಾನೆ. ಇಬ್ಬರೂ ಕ್ಷಮೆ ಕೇಳುತ್ತಾರೆ. ಮೂರನೆಯವನು ಮದುವೆಯಾಗಿದ್ದೇನೆ, ಬರಲಾರೆ ಅಂತಾನೆ. ಕ್ಷಮೆಯ ಮಾತೇ ಇಲ್ಲ. ದೇವರಿಲ್ಲ ಅಂತಲೋ ಬೋಧನೆ ತಪ್ಪು ಅಂತಲೋ ಮೂವರಲ್ಲಿ ಒಬ್ಬನೂ ಹೇಳುವುದಿಲ್ಲ. ಹೊಲ, ಎತ್ತು, ಮದುವೆ: ಇಂಡಿ ತಾಲೂಕಿನಲ್ಲಿ ಇವತ್ತು ಸಿಗುವ ಉತ್ತರಗಳೂ ಇವೇ. ನಿಮ್ಮ ಲೇಖನ ಮಾತ್ರ ಇವುಗಳ ಹಿಂದೆ ‘ಮೂಢನಂಬಿಕೆ’ ಮತ್ತು ‘ಭಯ’ ಎರಡನ್ನೇ ಕಾಣುತ್ತದೆ.

ಎತ್ತು, ಹೊಲ ಎಂದರೆ ಕೆಲಸವಷ್ಟೇ ಅಲ್ಲ, ಪಂಚಾಂಗ ಕೂಡ. ಎಳ್ಳ ಅಮಾಸಿಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿ ಗಿಡದ ಬುಡಕ್ಕೋ ಜೋಳದ ನಡುವೆಯೋ ಐದು ಕಲ್ಲಿಟ್ಟು ಪೂಜಿಸಿ, ಸಜ್ಜಿ ರೊಟ್ಟಿ, ಕಡಬು, ಪುಂಡಿ ಪಲ್ಯ ಕಲಸಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ನಾಲ್ವರು ಅಣ್ಣತಮ್ಮಂದಿರ ಪಾಲಿನ ಹೊಲದಲ್ಲಿ ಒಬ್ಬ ‘ನಾನು ಪೂಜೆಗೆ ನಿಲ್ಲೋದಿಲ್ಲ’ ಅಂದರೆ, ಉಳಿದ ಮೂವರ ಕಿವಿಗೆ ಅದು ‘ಈ ಹೊಲ ನನ್ನದಲ್ಲ’ ಅಂದ ಹಾಗೆ ಕೇಳುತ್ತದೆ. ನಿಮ್ಮ ಎಂಟನೇ ವ್ಯಕ್ತಿ ಹಿಂದೆ ಸರಿದದ್ದು ಎಳ್ಳ ಅಮಾಸಿಯ ತಿಂಗಳಲ್ಲೇ ಎಂದು ನಿಮ್ಮ ಟಿಪ್ಪಣಿಯಲ್ಲಿದೆ, ಲೇಖನದಲ್ಲಿಲ್ಲ. ಆ ಚರಗವನ್ನು ಅರ್ಧ ಪುಟ ಬರೆಯಿರಿ. ಅದಕ್ಕೆ ಜಾಗ ಬೇಕಿದ್ದರೆ ಕ್ರೈಸ್ತ ಧರ್ಮದ ಇತಿಹಾಸದ ಎರಡು ಪುಟ ತೆಗೆಯಿರಿ.

ಮದುವೆಯದೂ ಹಾಗೇ. ಅಕ್ಕನ ಮಗಳನ್ನು ತರುವುದು ನಮ್ಮಲ್ಲಿ ಹಕ್ಕು ಎನ್ನುವಷ್ಟು ರೂಢಿ. ಕ್ಯಾಥೊಲಿಕ್ ಧರ್ಮಸಭೆಯ ಕಾನೂನಿನಲ್ಲಿ ರಕ್ತಸಂಬಂಧದ ನಾಲ್ಕನೇ ಹಂತದವರೆಗೆ ಮದುವೆಗೆ ಅಡ್ಡಿ. ಸೋದರಮಾವ ಮೂರನೇ ಹಂತ, ಅತ್ತೆಯ ಮಗ ನಾಲ್ಕನೆಯದು. ವಿನಾಯಿತಿ ಇಲ್ಲದೆ ಆಗುವುದಿಲ್ಲ. ಪೆಂತೆಕೋಸ್ತ್ ಸಭೆಗಳಲ್ಲಿ ತೊಡಕು ಬೇರೆ ಕಡೆ. ಹಲವು ಸಭೆಗಳು ಕುಂಕುಮ, ಬಳೆ, ತಾಳಿ ತೆಗೆಯಲು ಹೇಳುತ್ತವೆ. ಗಂಡ ಬದುಕಿರುವಾಗ ಬರಿಗೈಯಲ್ಲಿ ನೀರಿಗೆ ಹೋಗುವುದು ಎಂದರೇನು ಎಂದು ಓದುಗರಿಗೆ ವಿವರಿಸಬೇಕಿಲ್ಲ. ನೀವು ಮಾತಾಡಿಸಿದ ಒಬ್ಬಾಕೆಯ ಹಾಗೆ ಪ್ರಾರ್ಥನೆಗೆ ಆರು ವರ್ಷದಿಂದ ಹೋಗುತ್ತ, ಹಾಡೆಲ್ಲ ಬಾಯಿಪಾಠ ಇದ್ದೂ ದೀಕ್ಷಾಸ್ನಾನ ಮಾತ್ರ ಪಡೆಯದ ಹೆಂಗಸರು ಇರುವುದು ಇದಕ್ಕೇ. ಒಪ್ಪಿದವರು, ಒಲ್ಲೆ ಅಂದವರು ಎಂಬ ನಿಮ್ಮ ಎರಡು ಬುಟ್ಟಿಗಳಲ್ಲಿ ಇವರಿಗೆ ಜಾಗವೇ ಇಲ್ಲ. ಮೂರನೇ ಬುಟ್ಟಿ ಬೇಕು. ಬಹುಶಃ ಅದೇ ಎಲ್ಲಕ್ಕಿಂತ ದೊಡ್ಡದು.

ಬಸವನ ಬಾಗೇವಾಡಿ ಕಡೆಯ ಶಿಕ್ಷಕರೊಬ್ಬರ ಮಾತನ್ನು ‘ಜಾತಿಯ ಅಹಂಕಾರ’ ಎಂದು ತಳ್ಳಿದ್ದೀರಿ. ಇದು ನಮಗೆ ಸರಿ ಕಾಣಲಿಲ್ಲ. ಅವರು ಹೇಳಿದ್ದಿಷ್ಟು: ಕಾಯಕ, ದಾಸೋಹ, ಮೇಲು ಕೀಳು ಇಲ್ಲ ಎನ್ನುವುದು ನಮಗೆ 12ನೇ ಶತಮಾನದಿಂದ ಇದೆ, ಯೇಸು ದೊಡ್ಡವನು ಎಂದರೆ ಕೈ ಮುಗಿಯುತ್ತೇನೆ, ಅವನೊಬ್ಬನೇ ದಾರಿ ಎಂದರೆ ಒಪ್ಪುವುದಿಲ್ಲ. ಇದು ಯೋಚಿಸಿ ಆಡಿದ ಮಾತು. ಇದಕ್ಕೆ ಎದುರು ನಿಮ್ಮ ಐದನೇ ವ್ಯಕ್ತಿಯ ಮಾತಿಟ್ಟು ನೋಡಿ. ಸವದತ್ತಿ ಎಲ್ಲಮ್ಮನ ಹರಕೆ, ಊರ ದುರ್ಗಮ್ಮ, ಸತ್ತ ಅತ್ತೆಯ ಕಾಟ, ಮನೆದೇವರ ಬಾಕಿ ಪೂಜೆ ಇವೆಲ್ಲವುಗಳ ನಡುವೆ ಜೀವ ಹಣ್ಣಾದ ಆತನಿಗೆ “ಒಬ್ಬಾಂವ ಸಾಕು, ಉಳದೋರಿಗಿ ಅಂಜೂದ ಬ್ಯಾಡ” ಎಂಬ ಮಾತೇ ಬಿಡುಗಡೆ. ‘ಒಬ್ಬನೇ’ ಎಂಬ ಒಂದೇ ಶಬ್ದ ಶಿಕ್ಷಕರನ್ನು ಬಾಗಿಲಾಚೆ ನಿಲ್ಲಿಸಿತು, ಈತನನ್ನು ಒಳಗೆ ಎಳೆಯಿತು. ಇವರಿಬ್ಬರನ್ನು ಒಂದೇ ಪುಟಕ್ಕೆ ತನ್ನಿ. ನಿಮ್ಮ ತೀರ್ಪು ಬೇಡ.

‘ಹಣದ ಆಮಿಷ’ದ ಭಾಗದಲ್ಲಿ ಯಾರು, ಎಷ್ಟು, ಯಾವಾಗ ಒಂದೂ ಇಲ್ಲ. ಕೇಳಿದ ಮಾತನ್ನು ಅಚ್ಚು ಹಾಕಲಾರೆವು. ಲೆಕ್ಕ ಹಾಕುವುದಿದ್ದರೆ ಕಳೆದುಕೊಳ್ಳುವುದನ್ನೂ ಹಾಕಿ, ಅದೂ ಸರಿಯಾಗಿ. ‘ಕ್ರೈಸ್ತರಾದರೆ ಮೀಸಲಾತಿ ಪೂರ್ತಿ ಹೋಗುತ್ತದೆ’ ಎಂದಿದ್ದೀರಿ, ತಪ್ಪು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ, 1956ರಿಂದ ಸಿಖ್ಖರಿಗೆ, 1990ರಿಂದ ಬೌದ್ಧರಿಗೆ. ಕ್ರೈಸ್ತರಾದ ಪರಿಶಿಷ್ಟ ಜಾತಿಯವರು ಕರ್ನಾಟಕದಲ್ಲಿ ಹಿಂದುಳಿದವರ ಪ್ರವರ್ಗ-1ಕ್ಕೆ ಬರುತ್ತಾರೆ, ಉಳಿದ ಕ್ರೈಸ್ತರು 3ಬಿಗೆ. ಪರಿಶಿಷ್ಟ ಪಂಗಡಕ್ಕೆ ಧರ್ಮದ ಷರತ್ತಿಲ್ಲ. ನಿಮ್ಮ ವಾಲ್ಮೀಕಿ ನಾಯಕ ಯುವಕ ಈ ಕಾರಣ ಹೇಳಿದ್ದರೆ ಯಾರೋ ಅವನಿಗೆ ತಪ್ಪು ಹೇಳಿದ್ದಾರೆ ಎಂದರ್ಥ. ಆ ತಪ್ಪು ಮಾಹಿತಿಯೂ ಒಂದು ಕಾರಣವೇ, ಹಾಗೆಂದೇ ಬರೆಯಿರಿ. ಮಗಳ ಹಾಸ್ಟೆಲ್ ಸೀಟು, ಪಂಚಾಯ್ತಿಯ ಮೀಸಲು ಸ್ಥಾನ ಕಣ್ಣೆದುರು ಇದ್ದವರು ನಂಬಿದರೂ ಕಾಗದದಲ್ಲಿ ಬದಲಾಗದೆ ಉಳಿಯುತ್ತಾರೆ.

ಇನ್ನು ಸಣ್ಣ ತಪ್ಪುಗಳು, ಓದುಗರು ಪತ್ರ ಬರೆದು ಕಾಡುವಂಥವು. ಅಥಣಿಯ ಭಾಗದಲ್ಲಿ ‘ಫಾದರ್ ಕೃಷ್ಣಾ ನದಿಯಲ್ಲಿ ಮುಳುಗಿಸಿ ಮರುದಿನವೇ ದೀಕ್ಷೆ ಕೊಟ್ಟರು’ ಎಂದಿದೆ. ಹೊಳೆಯಲ್ಲಿ ಮುಳುಗಿಸುವುದು ಪೆಂತೆಕೋಸ್ತ್, ಬ್ಯಾಪ್ಟಿಸ್ಟ್ ರೀತಿ, ಮಾಡಿಸುವವರು ಪಾಸ್ಟರ್. ಫಾದರ್ ಇರುವ ಕ್ಯಾಥೊಲಿಕ್ಕರಲ್ಲಿ ದೊಡ್ಡವರಿಗೆ ತಿಂಗಳುಗಟ್ಟಲೆ, ಅನೇಕ ಕಡೆ ವರ್ಷದವರೆಗೆ ಧರ್ಮೋಪದೇಶ ನಡೆದು, ಸಾಮಾನ್ಯವಾಗಿ ಈಸ್ಟರ್ ಹಿಂದಿನ ರಾತ್ರಿ ಇಗರ್ಜಿಯಲ್ಲಿ ಜ್ಞಾನಸ್ನಾನ. ಮೆಥಡಿಸ್ಟರು ತಲೆಗೆ ನೀರು ಚಿಮುಕಿಸುತ್ತಾರೆ, ಮಕ್ಕಳಿಗೂ ಕೊಡುತ್ತಾರೆ. ಯಾವ ಸಭೆ ಎಂದು ಹೇಳದೆ ‘ಕ್ರೈಸ್ತರು’ ಎಂದರೆ ಕಾಯುವ ಅವಧಿಯೂ ಬಿಡಬೇಕಾದ ವಸ್ತುಗಳೂ ಎಲ್ಲ ಕಲಸಿಹೋಗುತ್ತವೆ. ಬೈಲಹೊಂಗಲದ ಕಡೆ ದೇಶನೂರಿನಲ್ಲಿ ಜೆಸ್ವಿಟ್ ಎಂಬ ಕ್ಯಾಥೊಲಿಕ್ ಸಂಘದ ಗುರುಗಳು ಕಾವಿ ಉಟ್ಟು ವಿರಕ್ತ ಮಠದ ಹೆಸರಿನಲ್ಲೇ ನೆಲೆ ಮಾಡಿಕೊಂಡದ್ದನ್ನು ಒಮ್ಮೆ ನೋಡಿ ಬನ್ನಿ. ‘ಪರದೇಶಿ ವೇಷ’ ಎಂಬ ನಿಮ್ಮ ಪದ ಎಲ್ಲರಿಗೂ ಹೊಂದುವುದಿಲ್ಲ.

2018ರಲ್ಲಿ ದೀಕ್ಷೆ ಪಡೆದವರು ಜಿಲ್ಲಾಧಿಕಾರಿಗೆ 30 ದಿನ ಮೊದಲು ಅರ್ಜಿ ಕೊಟ್ಟರು ಎಂಬುದು ಆಗದ ಮಾತು. ಆ ನಿಯಮವಿರುವ ಮತಾಂತರ ತಡೆ ಮಸೂದೆ ಇದೇ ಬೆಳಗಾವಿಯ ಸುವರ್ಣಸೌಧದಲ್ಲಿ ವಿಧಾನಸಭೆಯ ಒಪ್ಪಿಗೆ ಪಡೆದದ್ದು 2021ರ ಡಿಸೆಂಬರಿನಲ್ಲಿ, ಸುಗ್ರೀವಾಜ್ಞೆಯಾಗಿ ಜಾರಿಗೆ ಬಂದದ್ದು 2022ರ ಮೇನಲ್ಲಿ. 2023ರ ಜೂನ್‌ನಲ್ಲಿ ಸಂಪುಟ ಅದರ ರದ್ದತಿಗೆ ನಿರ್ಧಾರ ಮಾಡಿತು. ಪ್ರತಿ ಘಟನೆಯ ಪಕ್ಕದಲ್ಲಿ ತಿಂಗಳು, ವರ್ಷ ಬರೆದುಕೊಳ್ಳಿ. ‘1834ರಲ್ಲಿ ಬ್ರಿಟಿಷ್ ಸರ್ಕಾರ ಗುಳೇದಗುಡ್ಡಕ್ಕೆ ಕಳಿಸಿದ ಮಿಷನರಿಗಳು’ ಎಂಬ ಸಾಲಿನಲ್ಲಿ ಎರಡು ತಪ್ಪಿವೆ. 1834ರಲ್ಲಿ ಬಾಸೆಲ್ ಮಿಷನ್ ಬಂದದ್ದು ಮಂಗಳೂರಿಗೆ, ಗುಳೇದಗುಡ್ಡಕ್ಕೆ 1851ರಲ್ಲಿ. ಅವರನ್ನು ಕಳಿಸಿದ್ದು ಸ್ವಿಟ್ಜರ್ಲೆಂಡಿನ ಸಂಸ್ಥೆ, ಬಂದವರಲ್ಲಿ ಜರ್ಮನರು ಬಹಳ. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರೇ ಅವರನ್ನು ಬಂಧಿಸಿ ಹೊರಗೆ ಕಳಿಸಿದರು. ಬೆಳಗಾವಿಯಲ್ಲಿ 1820ರಲ್ಲಿ ಕೆಲಸ ಆರಂಭಿಸಿದ್ದು ಲಂಡನ್ ಮಿಷನ್, ಅದು ಬೇರೆ. ಬಾಸೆಲ್‌ನವರ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ಆಮಿಷಕ್ಕೆ ಉದಾಹರಣೆಯಾಗಿ ಕೊಟ್ಟಿದ್ದೀರಿ. ಧರ್ಮ ಬದಲಿಸಿ ಜಾತಿಯಿಂದ ಹೊರಬಿದ್ದವರಿಗೆ ಕಸುಬು ತಪ್ಪಿದ್ದು ಮೊದಲು, ಆ ಕಾರ್ಖಾನೆಗಳು ಹುಟ್ಟಿದ್ದು ಆಮೇಲೆ.

ತಿದ್ದಿದ ಪ್ರತಿ 1,800 ಪದ ಮೀರದಿರಲಿ. 11 ಜನರಲ್ಲಿ ಐವರು ಸಾಕು: ಅಕ್ಕನ ಮನೆಗೆ ಹೋದಾಕೆ, ಚರಗದ ರೈತ, ಶಿಕ್ಷಕರು, ‘ಒಬ್ಬಾಂವ ಸಾಕು’ ಅಂದವನು, ಆರು ವರ್ಷದಿಂದ ಹೊಸ್ತಿಲ ಮೇಲೆ ನಿಂತಾಕೆ. ಊರಿನ ಹೆಸರು ತೆಗೆದು ತಾಲೂಕು ಮಾತ್ರ ಇಡಿ. ಪೂರ್ತಿ ಹೆಸರು, ಫೋಟೋ ಬೇಡ. ಬರೆದ ಭಾಗವನ್ನು ಅವರವರಿಗೆ ಓದಿ ಹೇಳಿ ಒಪ್ಪಿಗೆ ಪಡೆಯಿರಿ, ಹೊಸ್ತಿಲ ಮೇಲೆ ನಿಂತಾಕೆಗೆ ಮನೆಮಂದಿ ಯಾರೂ ಇಲ್ಲದ ಹೊತ್ತಿನಲ್ಲಿ. ಆಕೆ ಬೇಡ ಅಂದರೆ ಆ ಭಾಗ ತೆಗೆದು ನಾಲ್ವರನ್ನೇ ಕಳಿಸಿ. “ನೋಡೋಣ್ರೀ” ಅಂದರೂ ತೆಗೆಯಿರಿ.

ಇಂತಿ,
ಸಂಪಾದಕೀಯ ಬಳಗ, ಬೆಳಗಾವಿ