ದಿನಕ್ಕೆ ಎಷ್ಟು ಸಾರಿ ‘ಸಾರಿ’

ತಳ ಹತ್ತಿ ಕರ್ರಗಾದ ಹಾಲಿನ ಪಾತ್ರೆಯನ್ನು ಸೊಸೆಗೆ ತೊಳೆಯಲು ಬಿಡದೆ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಆ ತಾಯಿ ನನ್ನ ಕೋಣೆಗೆ ತಂದಿದ್ದರು. ಆಪ್ತಸಲಹೆಗೆ ಬರುವವರು ದೂರು ತರುತ್ತಾರೆ. ಸಾಕ್ಷಿ ಸಮೇತ ಬರುವವರು ಕಡಿಮೆ.

“ನೋಡ್ರಿ ಮೇಡಂ. ಇಂವ ಗ್ಯಾಸಿಗೆ ಬೆನ್ನ ಮಾಡಿ ಪೇಪರ್ ಓದಿಕೋತ ಕುಂತಾನ. ನಾ ಜಳಕಕ್ಕ ಹೋಗಿದ್ದೆ. ಬಾಜೂ ಮನ್ಯಾಕಿ ವಾಸನಿ ಹಿಡದು ಬಂದು ಬೆಲ್ ಹೊಡದ್ಲು. ಇವಂಗ ಖಬರನ ಇಲ್ಲ. ಮೊದಲಿಂದನೂ ಹಿಂಗ. ಜವಾಬ್ದಾರಿ ಇದ್ದವ ಗುಡ್ಡದ ಮ್ಯಾಲಿಂದ ಹಾರತಿದ್ದನೇನ್ರಿ?”

ಪಕ್ಕದ ಕುರ್ಚಿಯಲ್ಲಿದ್ದ ಮಗ “ಸಾರಿ ಅವ್ವಾ” ಅಂದ. ಅವನು ಹಾಗನ್ನುವುದನ್ನು ಅದೊಂದೇ ಭೇಟಿಯಲ್ಲಿ ನಾನು ಹತ್ತು ಹನ್ನೆರಡು ಬಾರಿ ಕೇಳಿದ್ದೆ. ಕುರ್ಚಿ ಸರಿದರೆ ಸಾರಿ, ಹೆಂಡತಿ ನೀರಿನ ಬಾಟಲಿ ಕೊಟ್ಟರೆ ಸಾರಿ.

ಅವನನ್ನು ಪ್ರಸನ್ನ ಎಂದು ಕರೆಯೋಣ. ಹೆಸರು, ವಯಸ್ಸು, ನೌಕರಿ ಎಲ್ಲವನ್ನೂ ಬದಲಿಸಿದ್ದೇನೆ. ವಿಜಯಪುರದ ಕಡೆಯವರು, ಮನೆ ಚಿಂಚವಡದಲ್ಲಿ, ಕೆಲಸ ಹಿಂಜವಡಿಯ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ. ಮಳೆಗಾಲ ಮುಗಿದರೆ ಪುಣೆಯ ಇಂಥ ಹುಡುಗರಿಗೆ ಶನಿವಾರ ಭಾನುವಾರ ಊರಲ್ಲಿ ಕಾಲು ನಿಲ್ಲುವುದಿಲ್ಲ. ಒಬ್ಬರು ಲೋನಾವಳದ ಬಂಡೆಗಳಿಗೆ, ಇನ್ನೊಬ್ಬರು ಸೈಕಲ್ ಹೊತ್ತುಕೊಂಡು ಘಾಟಿಗೆ. ಇವನು ಕಾಮಶೇತಿಗೆ, ಪ್ಯಾರಾಗ್ಲೈಡಿಂಗಿಗೆ. ಮೂರನೆಯ ಸೀಸನ್. ಒಂದು ಮಧ್ಯಾಹ್ನ, ಬಿಸಿಗಾಳಿ ಜೋರಾಗಿ ಏಳುವ ಹೊತ್ತಿನಲ್ಲಿ, ವಿಂಗಿನ, ಅಂದರೆ ತಲೆಯ ಮೇಲೆ ಹರಡಿಕೊಂಡು ಹಾರಿಸುವ ಬಟ್ಟೆಯ ರೆಕ್ಕೆಯ, ಒಂದು ಬದಿ ಮಡಚಿಕೊಂಡಿತು. ಮೇಲೆ ಎತ್ತರದಲ್ಲಾಗಿದ್ದರೆ ಸಾವರಿಸಿಕೊಳ್ಳಬಹುದಿತ್ತು, ಆಪತ್ತಿಗೆಂದು ಇಟ್ಟುಕೊಳ್ಳುವ ರಿಸರ್ವ್ ಪ್ಯಾರಾಚೂಟ್ ಎಸೆಯಬಹುದಿತ್ತು. ಆಗಿದ್ದು ನೆಲ ಹತ್ತಿರ ಬಂದಾಗ. ಆಸ್ಪತ್ರೆಗೆ ಬಂದಾಗ ಗ್ಲಾಸ್ಗೊ ಅಂಕ 7. ಪ್ರಜ್ಞೆ ಎಷ್ಟಿದೆ ಎಂದು ಅಳೆಯಲು 1974ರಲ್ಲಿ ಗ್ಲಾಸ್ಗೊ ನಗರದ ಇಬ್ಬರು ನರಶಸ್ತ್ರವೈದ್ಯರು ಮಾಡಿದ ಲೆಕ್ಕ ಅದು: ಪೂರ್ತಿ ಎಚ್ಚರವಿದ್ದರೆ 15, ಕನಿಷ್ಠ 3, 8 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ತೀವ್ರ ಪೆಟ್ಟು. ಕಣ್ಣು ಬಿಟ್ಟ ಮೇಲೂ ಹದಿನಾರು ದಿನ ಅವನಲ್ಲಿ ನೆನಪು ನಿಲ್ಲಲಿಲ್ಲ. ಬೆಳಿಗ್ಗೆ ಬಂದು ಹೋದವರು ಸಂಜೆಗೆ ಬಂದೇ ಇಲ್ಲ.

ನನ್ನ ಬಳಿ ಬಂದದ್ದು ಹತ್ತನೆಯ ತಿಂಗಳಲ್ಲಿ. ಅಷ್ಟರಲ್ಲಿ ನಡೆಯುತ್ತಿದ್ದ, ಮಾತಾಡುತ್ತಿದ್ದ, ಚೆಕ್ಕಿಗೆ ಸಹಿ ಹಾಕುತ್ತಿದ್ದ. ನೋಡಿದವರು “ಏನೂ ಆಗೇ ಇಲ್ಲ ಬಿಡ್ರಿ” ಅನ್ನುವ ಹಾಗಿದ್ದ. ಈ ಪೆಟ್ಟಿನ ದೊಡ್ಡ ತೊಂದರೆಯೇ ಅದು.

ಆ ದಿನದ ಹಾಲಿನ ಪಾತ್ರೆಗೆ ಬರುತ್ತೇನೆ.

ತಾಯಿಯ ಮಾತು ಕೇಳುತ್ತಿದ್ದಾಗ ನನಗೊಂದು ಮಾತು ಚುಚ್ಚಿತು. ಪಕ್ಕದ ಮನೆಯವರಿಗೆ ಬಂದ ವಾಸನೆ ಇವನಿಗೆ ಯಾಕೆ ಬರಲಿಲ್ಲ? ಇದು ನಮ್ಮ ನಾಲ್ಕನೆಯ ಭೇಟಿ. ಅಲ್ಲಿಯವರೆಗೆ ನಿದ್ದೆ, ಸಿಟ್ಟು, ತಲೆನೋವು, ಆಫೀಸು ಎಲ್ಲ ಕೇಳಿದ್ದೆ, ಮೂಗು ಕೇಳಿರಲಿಲ್ಲ. ಆಸ್ಪತ್ರೆಯ ಕಾಗದಗಳಲ್ಲೂ ಅದಿರಲಿಲ್ಲ ಎಂದು ನೆಪ ಹೇಳಬಹುದು. ಕೇಳದೇ ಇದ್ದದ್ದು ನಾನೇ.

ಒಳಗಿನಿಂದ ಕಾಫಿಪುಡಿಯ ಡಬ್ಬಿ ತರಿಸಿದೆ. ಕಣ್ಣು ಮುಚ್ಚಲು ಹೇಳಿ, ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದೆ. ಅವನು ಕಾಯುತ್ತಾ ಕೂತ. ಆಮೇಲೆ ತಾಯಿಯ ಕಡೆ ಕೈ ಚಾಚಿದೆ. ಅವರು ಚೀಲದಿಂದ ಅಡಿಕೆ ಲವಂಗದ ಸಣ್ಣ ಡಬ್ಬಿ ತೆಗೆದು ಕೊಟ್ಟರು. ಮಗ ಅಂಬೆಗಾಲಿಡುವ ಕಾಲದಿಂದ ಅವರ ಸೊಂಟದಲ್ಲಿದ್ದ ಡಬ್ಬಿ. ಅದನ್ನೂ ಹಿಡಿದೆ.

“ಏನರ ಹಿಡದೀರೇನ್ರಿ ಮೇಡಂ, ಇಲ್ಲಾ ಇನ್ನೂ ತರೂದೈತೇನು?” ಅಂದ.

ಹೆಂಡತಿ, ಅವಳನ್ನು ವೀಣಾ ಎನ್ನೋಣ, ತೀರ ಸಣ್ಣ ದನಿಯಲ್ಲಿ ಕೇಳಿದಳು. “ಯಾವಾಗಿಂದ್ರಿ?”

“ದವಾಖಾನಿಂದ ಮನಿಗೆ ಬಂದಾಗಿಂದ.”

“ಮತ್ತ ಅವ್ವ ಮಾಡಿದ ಸಾರು ದಿನಾ ಛಲೋ ಆಗೇತಿ ಅಂತಿದ್ರಿ?”

“ಬಿಸಿ ಇರತಿತ್ತು.”

ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಈಗ ಅವನಿಗೆ ಒಂದು ವಾಕ್ಯ ಜೋಡಿಸಲು ಮೊದಲಿಗಿಂತ ಹೊತ್ತು ಬೇಕು. ಆ ಹೊತ್ತನ್ನು ಮನೆಯವರು ಯಾರೂ ಕೊಡುವುದಿಲ್ಲ, ನಡುವೆ ತಾವೇ ಮುಗಿಸಿಬಿಡುತ್ತಾರೆ. ಅವತ್ತು ಯಾರೂ ಮುಗಿಸಲಿಲ್ಲ.

“ಹೇಳಿದ್ರ ಮತ್ತೊಂದಕ್ಕ ಸಾರಿ ಅನಬೇಕಾಗತಿತ್ತು. ಮೇಡಂ, ನನಗ ಆ ದಿವಸ ನೆನಪಿಲ್ಲ. ಗುಡ್ಡ ಏರಿದ್ದೂ ಇಲ್ಲ, ಬಿದ್ದದ್ದೂ ಇಲ್ಲ. ಇವರೆಲ್ಲಾ ಹೇಳ್ತಾರ, ನಾ ನಂಬೀನಿ. ನೆನಪಿದ್ದಿದ್ರ ಒಂದ ಸಲ ಮನಸ್ಸು ಬಿಚ್ಚಿ ತಪ್ಪಾತು ಅಂದು ಮುಗಸ್ತಿದ್ದೆ. ನೆನಪಿಲ್ಲ ನೋಡ್ರಿ. ಅದಕ್ಕ ದಿನಾ ಅನಬೇಕಾಗೇತಿ.”

ತಾಯಿ ಪಾತ್ರೆಯನ್ನು ಚೀಲದೊಳಗೆ ಹಾಕಿಕೊಂಡರು.

ಈ ಒಂದು ಮಾತಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ಇದೇ ವರ್ಷ ಬಂಡೆ ಹತ್ತುವಾಗ ಬಿದ್ದ ಒಬ್ಬ, ಇಳಿಜಾರಿನಲ್ಲಿ ಸೈಕಲ್ಲಿನಿಂದ ಬಿದ್ದ ಒಬ್ಬಳು, ಇಬ್ಬರ ಮನೆಗಳಲ್ಲೂ ಇದೇ ಲೆಕ್ಕಪುಸ್ತಕ ತೆರೆದಿತ್ತು. ಕಾತ್ರಜ್ ಘಾಟಿನಲ್ಲಿ ಬೈಕ್ ಜಾರಿ ತಲೆಗೆ ಪೆಟ್ಟಾದವನಿಗೆ ನಮ್ಮವರು “ಪಾಪ” ಅನ್ನುತ್ತಾರೆ. ಹಾರಲು ಹೋಗಿ ಬಿದ್ದವನಿಗೆ “ಬೇಕಾಗಿತ್ತೇನು?” ಅನ್ನುತ್ತಾರೆ. ಹರಿದ ನರತಂತುವಿಗೆ ಈ ಎರಡರ ವ್ಯತ್ಯಾಸ ಗೊತ್ತಿಲ್ಲ. ಮನೆಗೆ ಮಾತ್ರ ಗೊತ್ತಿದೆ. ಅದರ ಪರಿಣಾಮ ಏನೆಂದರೆ, ಪೆಟ್ಟಿನಿಂದ ಬಂದ ಒಂದೊಂದು ಲಕ್ಷಣವೂ ಆ ಮನುಷ್ಯನ ಹಳೆಯ ಗುಣದ ಮುಂದುವರಿಕೆಯಾಗಿ ಕಾಣತೊಡಗುತ್ತದೆ. ಹಾಲು ಹೊತ್ತಿದರೆ ಬೇಜವಾಬ್ದಾರಿ, ಸಂಜೆ ನಾಲ್ಕಕ್ಕೇ ಮಲಗಿದರೆ ಸೋಮಾರಿತನ, ಸಿಟ್ಟು ಬಂದರೆ ಸೊಕ್ಕು.

“ಹೆಲ್ಮೆಟ್ ಇತ್ತಲ್ಲ?” ಎಂದು ಎಲ್ಲರೂ ಕೇಳುತ್ತಾರೆ. ಇತ್ತು. ಅದರಿಂದಲೇ ಬುರುಡೆ ಒಡೆಯಲಿಲ್ಲ, ಅವನು ಬದುಕಿದ್ದಾನೆ. ಕಾರ್ ರೇಸಿನ ಚಾಂಪಿಯನ್ ಮೈಕೆಲ್ ಶೂಮಾಕರ್ 2013ರ ಡಿಸೆಂಬರ್ 29ರಂದು ಫ್ರಾನ್ಸಿನ ಮೆರಿಬೆಲ್‌ನಲ್ಲಿ ಹಿಮದ ಮೇಲೆ ಬಿದ್ದು ಮಿದುಳಿಗೆ ತೀವ್ರ ಪೆಟ್ಟಾದಾಗಲೂ ತಲೆಯ ಮೇಲೆ ಹೆಲ್ಮೆಟ್ ಇತ್ತು. ಡಬ್ಬಿಯಲ್ಲಿ ಗಟ್ಟಿ ಮೊಸರು ಒಯ್ಯುವಾಗ ಬಸ್ಸು ಗಕ್ಕನೆ ಬ್ರೇಕ್ ಹಾಕಿದರೆ ಡಬ್ಬಿ ಒಡೆಯುವುದಿಲ್ಲ, ಒಳಗಿನ ಮೊಸರು ಒಡೆಯುತ್ತದೆ. ಮೂಗಿನ ಮೇಲ್ಭಾಗದಲ್ಲಿ ಜರಡಿಯಂಥ ತೆಳು ಮೂಳೆಯಿದೆ. ಅದರ ತೂತುಗಳ ಮೂಲಕವೇ ವಾಸನೆಯ ನರದ ಎಳೆಗಳು ಮಿದುಳಿಗೆ ಹೋಗುವುದು. ಮಿದುಳು ಒಳಗೇ ಜಾರಿದರೆ ಆ ಎಳೆಗಳು ಕತ್ತರಿಸಿಹೋಗಬಹುದು. ಅದಕ್ಕೆ ತಾಗಿಯೇ, ಕಣ್ಣುಗಳ ಮೇಲೆ ಇರುವ ಮಿದುಳಿನ ಭಾಗ ಸಿಟ್ಟಿಗೆ ಲಗಾಮು ಹಾಕುವುದು, ಹಿಂದೆಮುಂದೆ ನೋಡಿ ನಡೆಯುವುದು ಮುಂತಾದ ಕೆಲಸಗಳಿಗೆ ಬೇಕಾದದ್ದು. ಅದಕ್ಕೇ ವಾಸನೆ ಹೋದವರಲ್ಲಿ ಆ ಭಾಗಕ್ಕೂ ಪೆಟ್ಟಾಗಿರುವ ಸಂಭವ ಹೆಚ್ಚು. ಕಾಫಿಡಬ್ಬಿ ನನಗೆ ಹಾಲಿನ ಪಾತ್ರೆಯ ಕಥೆಯನ್ನಷ್ಟೇ ಹೇಳಲಿಲ್ಲ, ಆರು ತಿಂಗಳಿಂದ ಆ ಮನೆಯಲ್ಲಿ ನಡೆಯುತ್ತಿದ್ದ ಜಗಳದ ಕಥೆಯನ್ನೂ ಹೇಳಿತು. ನಾನು ವೈದ್ಯೆಯಲ್ಲ. ಮಾರನೆಯ ದಿನವೇ ನರರೋಗ ತಜ್ಞರಿಗೂ ಮೂಗಿನ ವೈದ್ಯರಿಗೂ ಚೀಟಿ ಬರೆದುಕೊಟ್ಟೆ.

ಕ್ಷಮೆ ಕೇಳುವುದು ಒಳ್ಳೆಯ ಸಂಸ್ಕಾರ, ಅದನ್ನು ಯಾಕೆ ಬಿಡಿಸುತ್ತೀರಿ ಎಂದು ತಾಯಿ ಕೇಳಿದರು. ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಮನಸ್ಸಿನ ನೋವಿಗಿಂತ ಗ್ಯಾಸ್ ಸಿಲಿಂಡರಿಗೆ ಸಂಬಂಧಿಸಿದ್ದು. ಏನಾದರೂ ಆದ ತಕ್ಷಣ ಇವನು ಸಾರಿ ಅನ್ನುತ್ತಾನೆ, ನೀವು ಬೈದು ಸುಮ್ಮನಾಗುತ್ತೀರಿ, ಏನಾಯಿತು ಎಂಬುದು ಅಲ್ಲೇ ಮುಚ್ಚಿಹೋಗುತ್ತದೆ. ಹತ್ತು ತಿಂಗಳು ವಾಸನೆ ಇಲ್ಲದ ಮನುಷ್ಯನನ್ನು ಒಲೆಯ ಹತ್ತಿರ ಒಬ್ಬನೇ ಬಿಟ್ಟದ್ದು ಹಾಗೆಯೇ. ಆದ್ದರಿಂದ ಅವನಿಗೆ ಹೇಳಿದೆ: ಸಾರಿ ಅನ್ನಬೇಕೆನಿಸಿದಾಗ ಆದದ್ದನ್ನು ಹೇಳು. ‘ವಾಸನಿ ಬರಲಿಲ್ಲ.’ ‘ಮರತೆ.’ ‘ದಣದೀನಿ, ಈಗ ತಲಿ ಓಡವಲ್ದು.’ ಇಷ್ಟೇ ಸಾಕು. ಅಡುಗೆಮನೆಗೆ ಗ್ಯಾಸ್ ಸೋರಿದರೆ ಕೂಗುವ ಅಲಾರಂ ಹಾಕಿಸಿ, ಹಾಲಿಟ್ಟರೆ ಮೊಬೈಲಿನಲ್ಲಿ ಟೈಮರ್ ಇಡಿ, ಫ್ರಿಜ್ಜಿನ ಡಬ್ಬಿಗಳ ಮೇಲೆ ತಾರೀಕು ಬರೆಯಿರಿ ಎಂದು ವೀಣಾಗೆ ಹೇಳಿದೆ. ಹಳಸಿದ್ದನ್ನು ಹಳಸಿದೆ ಎಂದು ಇವನ ಮೂಗು ಇನ್ನು ಹೇಳುವುದಿಲ್ಲ. ವಾಸನೆ ಕೆಲವರಿಗೆ ಮೊದಲ ವರ್ಷದೊಳಗೆ ಒಂದಿಷ್ಟು ಮರಳುತ್ತದೆ, ಅನೇಕರಿಗೆ ಮರಳುವುದಿಲ್ಲ. ಅದನ್ನೂ ಮುಚ್ಚಿಡದೆ ಹೇಳಿದೆ. ಆಫೀಸಿನ ವಿಷಯ ಬೇಗ ಮುಗಿಯಿತು. ವೈದ್ಯರು ಒಪ್ಪಿದ ಮೇಲೆ ಅರ್ಧ ದಿನದಿಂದ ಶುರು, ದಣಿದ ಮೇಲೆ ಮಲಗುವುದಲ್ಲ, ದಣಿಯುವ ಮೊದಲೇ.

ತಾಯಿಗೆ ಹೇಳುವುದು ಕಷ್ಟವಾಯಿತು. ಅವರ ಸಿಟ್ಟು ಸುಮ್ಮನೆ ಬಂದದ್ದಲ್ಲ. ಅಪಘಾತ ವಿಮೆಯಲ್ಲಿ ಸಾಹಸ ಕ್ರೀಡೆಗೆ ದುಡ್ಡು ಕೊಡುವುದಿಲ್ಲ ಎಂಬ ಕರಾರಿತ್ತು. ಬಹಳಷ್ಟು ಪಾಲಿಸಿಗಳಲ್ಲಿ ಇರುತ್ತದೆ, ಹಾರುವವರಲ್ಲಿ ಓದಿದವರು ಕಡಿಮೆ. ಗಂಡ ಕೊಂಡಿಟ್ಟಿದ್ದ ವಿಜಯಪುರದ ಪ್ಲಾಟು ಮಾರಿ ಆಸ್ಪತ್ರೆಯ ಬಿಲ್ ಕಟ್ಟಿದವರು ಅವರು. “ಯಾಕ ಹೋದಿ?” ಎಂದು ಕೇಳುವ ಹಕ್ಕು ಅವರಿಗಿದೆ ಎಂದೇ ನಾನು ತಿಳಿದಿದ್ದೇನೆ. ಆದರೆ ಅದಕ್ಕೆ ಉತ್ತರ ಕೊಡಬೇಕಾದ ಮನುಷ್ಯನಲ್ಲಿ ಆ ದಿನವೇ ಇಲ್ಲ. ಆ ಪ್ರಶ್ನೆಯನ್ನು ಬುಧವಾರ ಒಬ್ಬರೇ ಬಂದು ನನ್ನನ್ನು ಕೇಳಿ ಎಂದೆ. ಎರಡು ಬುಧವಾರ ಬಂದರು, ಅತ್ತರು. ಮೂರನೆಯದಕ್ಕೆ ಬರಲಿಲ್ಲ.

ಬರದಿದ್ದಕ್ಕೆ ಕಾರಣ ನನ್ನ ಇನ್ನೊಂದು ಸಲಹೆ. ಅದನ್ನು ಇಲ್ಲಿ ಸಮರ್ಥಿಸಿಕೊಳ್ಳಬೇಕಾಗಿದೆ.

ಬಿದ್ದ ದಿನದಿಂದ ಪ್ರಸನ್ನನ ಹಾರಾಟದ ಗೆಳೆಯರಿಗೆ ಆ ಮನೆಯ ಬಾಗಿಲು ಮುಚ್ಚಿತ್ತು. ಅವರ ನಂಬರುಗಳನ್ನೂ ಮೊಬೈಲಿನಿಂದ ತೆಗೆಸಿದ್ದರು. ಆಫೀಸಿನವರು ಎರಡು ತಿಂಗಳು ಬಂದು ಬಿಟ್ಟರು, ಸಂಬಂಧಿಕರು ಹಬ್ಬಕ್ಕಷ್ಟೇ. ಮಾತು ನಿಧಾನವಾದವನ ಹತ್ತಿರ ಯಾರೂ ಹೆಚ್ಚು ಹೊತ್ತು ಕೂರುವುದಿಲ್ಲ. ನಾನು ಹೇಳಿದೆ: ಹಾರುವುದು ಮುಗಿಯಿತು, ಅದರಲ್ಲಿ ಚೌಕಾಸಿಯಿಲ್ಲ. ಪ್ರತಿಕ್ರಿಯೆ ನಿಧಾನವಾಗಿದೆ, ಫಿಟ್ಸ್ ಬರದಿರಲಿ ಎಂದು ಮಾತ್ರೆ ನಡೆದಿದೆ, ಇನ್ನೊಂದು ಪೆಟ್ಟು ಈ ತಲೆಗೆ ದುಬಾರಿ. ಆದರೆ ಭಾನುವಾರ ಕಾಮಶೇತಿಗೆ ಹೋಗಲಿ. ಚಿಂಚವಡದಿಂದ ಲೋನಾವಳ ಲೋಕಲ್ ಹಿಡಿದರೆ ಕಾರು ಓಡಿಸುವ ಪ್ರಶ್ನೆಯೇ ಇಲ್ಲ, ಜೊತೆಗೆ ವೀಣಾ ಇರುತ್ತಾಳೆ. ಇಳಿಯುವ ಬಯಲಿನಲ್ಲಿ ಕೂರಲಿ, ಇಳಿದವರ ವಿಂಗುಗಳನ್ನು ಮಡಚಿಕೊಡಲಿ. ಇನ್ನೊಬ್ಬರ ಜೀವ ಅವಲಂಬಿಸಿರುವ ವಾಕಿಟಾಕಿ ಮಾತ್ರ ಕೈಗೆ ಕೊಡಬೇಡಿ.

“ತಲೆಗೆ ಪೆಟ್ಟಾದವನನ್ನು ಬಿದ್ದ ಜಾಗಕ್ಕೇ ಕಳಿಸಿದಿರಾ?” ಎಂದು ನನ್ನದೇ ವೃತ್ತಿಯ ಹಿರಿಯರೊಬ್ಬರು ಕೇಳಿದರು. ಆ ತಾಯಿಯ ತಮ್ಮ ಫೋನಿನಲ್ಲಿ ಕೇಳಿದ ಧಾಟಿ ಇನ್ನೂ ಖಾರವಾಗಿತ್ತು. ಕಳಿಸಿದೆ. ಅವನ ಪಾಲಿಗೆ ಅದು ಬಿದ್ದ ಜಾಗವಲ್ಲ, ಅದು ಅವನಿಗೆ ನೆನಪೇ ಇಲ್ಲ. ಅವನಿಗೆ ನೆನಪಿರುವ ಕಾಮಶೇತಿನಲ್ಲಿ ಗಾಳಿ ನೋಡುತ್ತಾ ಗಂಟೆಗಟ್ಟಲೆ ಸುಮ್ಮನೆ ಕೂರುವ ಜನರಿದ್ದಾರೆ. ಮಾತು ನಿಧಾನವಾದವನಿಗೆ ಅಂಥ ಜನ ಪುಣೆಯಲ್ಲಿ ಬೇರೆಲ್ಲಿ ಸಿಗುತ್ತಾರೆ? ವಿಂಗ್ ಮಡಚುವುದು ಕ್ರಮ ತಪ್ಪದೆ ಮಾಡಬೇಕಾದ, ಕೈಗೆ ಹಳೆಯ ಅಭ್ಯಾಸವಿರುವ ಕೆಲಸ. ತಪ್ಪಾದರೆ ಬಿಚ್ಚಿ ಮತ್ತೆ ಮಡಚಬಹುದು, ಯಾರಿಗೂ ಸಾರಿ ಅನ್ನಬೇಕಿಲ್ಲ.

ಎಲ್ಲ ಸಲೀಸಾಯಿತು ಎನ್ನಲಾರೆ. ಎರಡನೆಯ ಭಾನುವಾರ ಯಾರೂ ನೋಡದಿದ್ದಾಗ ಅವನು ವಿಂಗಿಗೆ ಮೈಯನ್ನು ಬಿಗಿಯುವ ಪಟ್ಟಿಗಳ ಹಾರ್ನೆಸ್ ತೊಟ್ಟು, ನೆಲದ ಮೇಲೆಯೇ ವಿಂಗ್ ಎತ್ತಿ ನೋಡುತ್ತೇನೆ ಎಂದು ನಿಂತಿದ್ದನಂತೆ. ಗಾಳಿ ಜೋರಿದ್ದರೆ ನೆಲದ ಮೇಲೂ ಎಳೆದುಕೊಂಡು ಹೋಗುತ್ತದೆ. ಗೆಳೆಯರು ಬಿಚ್ಚಿಸಿದರು. ವೀಣಾ ಅದನ್ನು ಹೇಳಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಹಿರಿಯರು ಹೇಳಿದ್ದೇ ಸರಿಯಿತ್ತೇನೋ ಎಂದು ಅವತ್ತು ಅನಿಸಿದ್ದು ನಿಜ. ಮುಂದಿನ ಭೇಟಿಗೆ ಗೆಳೆಯರಲ್ಲೊಬ್ಬನನ್ನೂ ಕರೆಸಿ, ಹಾರ್ನೆಸ್ ಮುಟ್ಟಿದ ದಿನವೇ ಕಾಮಶೇತ್ ಬಂದ್ ಎಂದು ಪ್ರಸನ್ನನ ಕೈಯಿಂದಲೇ ಬರೆಸಿದೆ. ಅವನೇ ಅದನ್ನು ಫ್ರಿಜ್ಜಿಗೆ ಅಂಟಿಸಿಕೊಂಡಿದ್ದಾನೆ. ಅತ್ತೆ ಆ ಕಾಗದವನ್ನು ಓದಿದರು, ಕೀಳಲಿಲ್ಲ ಎಂದು ವೀಣಾ ಹೇಳಿದಳು.

ಕಳೆದ ವಾರ ಅವಳೊಬ್ಬಳೇ ಬಂದಿದ್ದಳು. ಹೇಗಿದ್ದಾನೆ ಎಂದೆ.

“ಸಾರಿ ಅನ್ನೂದು ಪೂರಾ ಬಿಟ್ಟಾರ್ರೀ ಮೇಡಂ. ಮೊನ್ನಿ ಲೋಕಲ್‌ನ್ಯಾಗ ಮಂದಿ ಮುಂದ ನನಗ ಒದರಿದ್ರು. ಮನಿಗೆ ಬಂದು ‘ದಣದಿದ್ದೆ’ ಅಂದ್ರು, ಮಕ್ಕೊಂಡ್ರು. ಅನಬೇಕಾದಾಗೂ ಅನ್ನವಲ್ರು. ಇದಕ್ಕೇನ್ ಮಾಡೂದ್ರಿ?”

ಇಬ್ಬರೂ ನಕ್ಕೆವು. ಆಮೇಲೆ ಅವಳು ನಗುವುದನ್ನು ನಿಲ್ಲಿಸಿದಳು. ಬುಧವಾರ ಖಾಲಿಯಿತ್ತು, ಇಬ್ಬರ ಹೆಸರನ್ನೂ ಬರೆದುಕೊಂಡೆ.