ಲ್ಯಾಪ್‌ಟಾಪ್ ಕಳುವಾದರೆ ಒಳಗಿರುವ ಮೇಲ್ ಯಾರ ಕೈಗೂ ಸಿಗದಂತೆ ಮಾಡುವುದು ಹೇಗೆ?

ಥಂಡರ್‌ಬರ್ಡ್ ಅನ್ನುವ ಮೇಲ್ ತಂತ್ರಾಂಶದಲ್ಲಿ ವರ್ಷಗಟ್ಟಲೆ ಮೇಲ್ ಇದೆ, ವಿಂಡೋಸ್‌ಗೆ ಪಾಸ್‌ವರ್ಡ್ ಇದೆ, ಲ್ಯಾಪ್‌ಟಾಪ್ ಕಳುವಾದರೆ ಅಷ್ಟು ಸಾಕಾ ಅಂತ ಕೇಳಿದ್ದೀರಿ. ಸಾಕಾಗುವುದಿಲ್ಲ.

ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೆ, ಅಥವಾ ಪೆನ್‌ಡ್ರೈವ್‌ನಿಂದ ಲಿನಕ್ಸ್ ಬೂಟ್ ಮಾಡಿದರೆ, ವಿಂಡೋಸ್ ಪಾಸ್‌ವರ್ಡ್ ಲೆಕ್ಕಕ್ಕೇ ಬರುವುದಿಲ್ಲ. ಥಂಡರ್‌ಬರ್ಡ್ ನಿಮ್ಮ ಮೇಲ್‌ಗಳನ್ನು ಪ್ರೊಫೈಲ್ ಫೋಲ್ಡರ್‌ನಲ್ಲಿ ಸಾದಾ ಫೈಲ್‌ಗಳಾಗಿ ಇಡುತ್ತದೆ. ನೋಟ್‌ಪ್ಯಾಡ್‌ನಲ್ಲೇ ತೆರೆದು ಓದಬಹುದು. ಡಿಲೀಟ್ ಮಾಡಿದ ಮೇಲ್ ಕೂಡ ಫೋಲ್ಡರ್ ಕಾಂಪ್ಯಾಕ್ಟ್ ಆಗುವ (ಅಂದರೆ ಅಳಿಸಿದ್ದನ್ನು ಫೈಲ್‌ನಿಂದ ನಿಜವಾಗಿ ತೆಗೆದುಹಾಕುವ) ತನಕ ಸಾಮಾನ್ಯವಾಗಿ ಅಲ್ಲೇ ಉಳಿದಿರುತ್ತದೆ.

ಥಂಡರ್‌ಬರ್ಡ್‌ನಲ್ಲೇ ಇರುವ ಪ್ರೈಮರಿ ಪಾಸ್‌ವರ್ಡ್ ಹಾಕಿದರೆ ಸಾಲದಾ ಅಂತ ಇನ್ನೊಬ್ಬರು ಕೇಳಿದ್ದಾರೆ. ಅದು ಕಾಯುವುದು ಸೇವ್ ಮಾಡಿಟ್ಟ ಪಾಸ್‌ವರ್ಡ್‌ಗಳನ್ನು ಮಾತ್ರ, ಮೇಲ್‌ಗಳನ್ನಲ್ಲ. ಆದರೂ ಹಾಕಿಡಿ. ಔಟ್‌ಲುಕ್ ಬಳಸುವವರು ಅದರ ಪಿಎಸ್‌ಟಿ ಫೈಲ್‌ಗೆ (ಮೇಲ್ ಶೇಖರಿಸುವ ಫೈಲ್) ಕೊಡುವ ಪಾಸ್‌ವರ್ಡ್ ಅಂತೂ ತೀರಾ ದುರ್ಬಲ, ಅದನ್ನು ನೆಚ್ಚಿಕೊಳ್ಳಬೇಡಿ.

ಇದಕ್ಕೆ ಸರಿಯಾದ ಉಪಾಯ ಇಡೀ ಡಿಸ್ಕನ್ನೇ ಎನ್‌ಕ್ರಿಪ್ಟ್ ಮಾಡುವುದು, ಅಂದರೆ ಕೀ ಇಲ್ಲದೆ ಯಾರೂ ಓದಲಾಗದಂತೆ ಮಾಡುವುದು. ವಿಂಡೋಸ್ ಪ್ರೊ ಇದ್ದರೆ ಬಿಟ್‌ಲಾಕರ್ ಇದೆ. ಹೋಮ್ ಆವೃತ್ತಿಯಲ್ಲೂ ಎಷ್ಟೋ ಲ್ಯಾಪ್‌ಟಾಪ್‌ಗಳ ಸೆಟ್ಟಿಂಗ್ಸ್‌ನಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ಸಿಗುತ್ತದೆ. ಮ್ಯಾಕ್‌ನಲ್ಲಿ ಫೈಲ್‌ವಾಲ್ಟ್. ಲಿನಕ್ಸ್‌ನವರು ಇನ್‌ಸ್ಟಾಲ್ ಮಾಡುವಾಗಲೇ ಎನ್‌ಕ್ರಿಪ್ಶನ್ ಆರಿಸಿಕೊಂಡರೆ ಒಳ್ಳೆಯದು, ಆಮೇಲೆ ಮಾಡುವುದು ಕಷ್ಟ.

ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ (ಡಿಸ್ಕ್ ತೆರೆಯದಿದ್ದಾಗ ಬಳಸುವ ಕೀ) ಕೊಡುತ್ತದೆ. ದಯವಿಟ್ಟು ಅದನ್ನು ಪ್ರಿಂಟ್ ತೆಗೆದು ಮನೆಯಲ್ಲಿ ಭದ್ರವಾಗಿಡಿ, ಲ್ಯಾಪ್‌ಟಾಪ್ ಬ್ಯಾಗ್‌ನಲ್ಲಿ ಮಾತ್ರ ಬೇಡ. ಮದರ್‌ಬೋರ್ಡ್ ಬದಲಿಸಿದಾಗ ಈ ಕೀ ಕೇಳಬಹುದು. ಆಗ ಅದಿಲ್ಲದಿದ್ದರೆ ನಿಮ್ಮ ಮೇಲ್ ನಿಮಗೂ ಸಿಗುವುದಿಲ್ಲ.

ಇನ್ನೊಂದು ಮಾತು. ಲ್ಯಾಪ್‌ಟಾಪ್ ಸ್ಲೀಪ್‌ನಲ್ಲಿದ್ದರೆ ಎನ್‌ಕ್ರಿಪ್ಶನ್ ಕೀ ಮೆಮೊರಿಯಲ್ಲಿ ಇನ್ನೂ ಇರುತ್ತದೆ. ಹೊರಗೆ ಹೋಗುವಾಗ ಸುಮ್ನೆ ಮುಚ್ಚಿ ಬ್ಯಾಗಿಗೆ ಹಾಕಬೇಡಿ, ಪೂರ್ತಿ ಶಟ್‌ಡೌನ್ ಮಾಡಿ. ವಿಂಡೋಸ್‌ನಲ್ಲಿ ಎಷ್ಟೋ ಸಲ ಡಿಸ್ಕ್ ತಾನಾಗಿಯೇ ಅನ್‌ಲಾಕ್ ಆಗಿ ಲಾಗಿನ್ ಪರದೆವರೆಗೂ ಬಂದುಬಿಡುತ್ತದೆ. ಅದಕ್ಕೇ ಲಾಗಿನ್ ಪಾಸ್‌ವರ್ಡ್ ಗಟ್ಟಿಯಾಗಿರಬೇಕು. ಪ್ರೊ ಇದ್ದರೆ ಆನ್ ಮಾಡುವಾಗಲೇ ಪಿನ್ ಕೇಳುವಂತೆಯೂ ಮಾಡಬಹುದು.

ಡಿಸ್ಕ್ ಪೂರ್ತಿ ಮಾಡಲು ಆಗದಿದ್ದರೆ ವೆರಾಕ್ರಿಪ್ಟ್ ಅನ್ನುವ ಎನ್‌ಕ್ರಿಪ್ಶನ್ ತಂತ್ರಾಂಶದಲ್ಲಿ ಒಂದು ಕಂಟೇನರ್ (ಪಾಸ್‌ವರ್ಡ್ ಕೊಟ್ಟರೆ ಮಾತ್ರ ತೆರೆಯುವ ಪೆಟ್ಟಿಗೆಯಂಥ ಫೈಲ್) ಮಾಡಿ ಪ್ರೊಫೈಲ್ ಫೋಲ್ಡರನ್ನು ಅದರೊಳಗೆ ಇಡಬಹುದು. ನನಗೆ ಇದು ಎರಡನೇ ಆಯ್ಕೆ. ಅಟ್ಯಾಚ್‌ಮೆಂಟ್ ತೆರೆದಾಗ ಅದರ ಪ್ರತಿ ಟೆಂಪ್ ಫೋಲ್ಡರ್‌ಗೆ ಹೋಗುತ್ತದೆ, ಅದು ಕಂಟೇನರ್‌ನ ಹೊರಗೆ, ಅಲ್ವಾ?

ಬ್ಯಾಕಪ್ ಮರೆಯಬೇಡಿ. ಪಾಪ್ (POP) ವಿಧಾನದಲ್ಲಿ ಸರ್ವರ್‌ನಿಂದ ಇಳಿಸಿಕೊಳ್ಳುವವರ ಮೇಲ್ ಬಹುಪಾಲು ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇರುತ್ತದೆ, ಹೋದರೆ ಹೋಯಿತು. ಆ ಬ್ಯಾಕಪ್ ಡಿಸ್ಕನ್ನೂ ಎನ್‌ಕ್ರಿಪ್ಟ್ ಮಾಡಿ.

ಒಂದು ವೇಳೆ ಕಳುವಾಗಿಯೇ ಬಿಟ್ಟರೆ, ತಡಮಾಡದೆ ಬೇರೆ ಸಾಧನದಿಂದ ಮೇಲ್ ಪಾಸ್‌ವರ್ಡ್ ಬದಲಿಸಿ. ಎಲ್ಲ ಕಡೆಯಿಂದ ಸೈನ್ ಔಟ್ ಮಾಡಿ, ಆ್ಯಪ್ ಪಾಸ್‌ವರ್ಡ್‌ಗಳನ್ನು (ಮೇಲ್ ತಂತ್ರಾಂಶಗಳಿಗೆಂದೇ ಪಡೆದ ಪ್ರತ್ಯೇಕ ಪಾಸ್‌ವರ್ಡ್‌ಗಳು) ರದ್ದು ಮಾಡಿ. ಬೇರೆ ಖಾತೆಗಳ ಪಾಸ್‌ವರ್ಡ್ ರೀಸೆಟ್ ಲಿಂಕ್ ಬರುವುದು ಇದೇ ಮೇಲ್‌ಗೆ, ಆದ್ದರಿಂದ ಈ ಕೆಲಸ ಮೊದಲು.

ನಿಮ್ಮದು ವಿಂಡೋಸ್ ಹೋಮಾ, ಪ್ರೊನಾ? ಹೇಳಿದರೆ ಯಾವ ಮೆನುವಿನಲ್ಲಿ ಏನು ಒತ್ತಬೇಕು ಅಂತ ಇಲ್ಲೇ ಬರೆಯುತ್ತೇನೆ.